ಹಳೆಯ ಭಾವಚಿತ್ರವನ್ನು ಓದುವುದು ಹೇಗೆ? ಮೈಸೂರಿನ ಮೂವರು ರಾಣಿಯರ ಚಿತ್ರ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಅಜ್ಜಿಯ ಎಡತೋಳಿನಲ್ಲಿ, ರವಿಕೆಯ ತೋಳು ಮುಗಿಯುವ ಜಾಗದ ಹತ್ತಿರ, ಎರಡು ದುಂಡನೆಯ ಕಲೆಗಳಿದ್ದವು. ಎಂಟಾಣೆಯಷ್ಟು ಅಗಲ, ಒಳಕ್ಕೆ ಸ್ವಲ್ಪ ತಗ್ಗು. ಏನಜ್ಜಿ ಇದು ಎಂದು ಕೇಳಿದರೆ "ಮೈಲಿ ಹಾಕಿದ್ದು ಮಗಾ" ಎನ್ನುತ್ತಿದ್ದರು. ನಿಮ್ಮ ಮನೆಯ ಹಿರಿಯರ ತೋಳಿನಲ್ಲೂ ನೋಡಿರುತ್ತೀರಿ. ಸಿಡುಬಿನ ಲಸಿಕೆಯ ಗುರುತು ಅದು.

ಆ ಕಲೆ ನೆನಪಿದ್ದದ್ದರಿಂದಲೇ ನನಗೆ ಒಂದು ಚಿತ್ರ ತೆರೆದುಕೊಂಡಿತು. ಸುಮಾರು 1805ರದ್ದು, ಕ್ಯಾನ್ವಾಸ್ ಮೇಲಿನ ತೈಲಚಿತ್ರ. ಬರೆದವನು ಐರ್ಲೆಂಡಿನ ಥಾಮಸ್ ಹಿಕಿ. ಮೂವರು ಹೆಂಗಸರು ನಿಂತಿದ್ದಾರೆ. ಸೀರೆ, ಮೈತುಂಬ ಒಡವೆ, ಮುಖದಲ್ಲಿ ಅರ್ಧ ನಗು. ಬಲಗಡೆ ನಿಂತ ಚಿಕ್ಕವಳ ಸೆರಗು ಸರಿದಿದೆ, ಅವಳ ಬಲಗೈ ತನ್ನದೇ ಎಡತೋಳಿನ ಕಡೆ ಹೋಗಿದೆ. ಬಹಳ ಕಾಲ ಈ ಮೂವರನ್ನು ನರ್ತಕಿಯರು, ವೇಶ್ಯೆಯರು ಎಂದೇ ನೋಡುಗರು ಅಂದುಕೊಂಡಿದ್ದರು. 2001ರಲ್ಲಿ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಒಂದು ಸಂಶೋಧನಾ ಲೇಖನದಲ್ಲಿ ಇದನ್ನು ಬೇರೆಯೇ ರೀತಿ ಓದಿದರು. ಇವರು ಮೈಸೂರು ಅರಮನೆಯ ರಾಣಿಯರು, ಆ ಹುಡುಗಿ ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ ಎಂಬುದು ಅವರ ವಾದ.

ಚಿತ್ರ ಅದೇ. ಬಣ್ಣ ಅದೇ. ಒಂದು ಓದಿನಲ್ಲಿ ಅವರು ಹೆಸರಿಲ್ಲದ ನರ್ತಕಿಯರು, ಇನ್ನೊಂದರಲ್ಲಿ ಒಂದು ರಾಜ್ಯದ ಜನರ ಭಯ ಹೋಗಿಸಲು ಮುಂದೆ ಬಂದ ರಾಣಿಯರು. ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು? ಅದನ್ನು ಹಂತ ಹಂತವಾಗಿ ತೋರಿಸುತ್ತೇನೆ. ಚಿತ್ರಕಲೆ ಓದಿರಬೇಕಾಗಿಲ್ಲ. ಒಂದು ನೋಟ್‌ಬುಕ್, ಚಿತ್ರದ ದೊಡ್ಡ ಗಾತ್ರದ ಪ್ರತಿ, ಒಂದು ಭಾನುವಾರದ ಮಧ್ಯಾಹ್ನ ಇದ್ದರೆ ಸಾಕು. ಥಾಮಸ್ ಹಿಕಿ, ಮೈಸೂರು ರಾಣಿಯರು ಎಂದು ಹುಡುಕಿದರೆ ಚಿತ್ರ ಸಿಗುತ್ತದೆ. ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿ.

ಹೆಜ್ಜೆ 1: ಹೆಸರು ಮುಚ್ಚಿ, ಹತ್ತು ನಿಮಿಷ ಸುಮ್ನೆ ನೋಡಿ

ಚಿತ್ರದ ಕೆಳಗಿನ ಶೀರ್ಷಿಕೆಯನ್ನು ಕೈಯಿಂದ ಮುಚ್ಚಿ. ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಮತ್ತು ಎಲ್ಲರೂ ಹಾರಿಸಿಬಿಡುವ ಹೆಜ್ಜೆ. ಮ್ಯೂಸಿಯಂನಲ್ಲಿ ಜನ ನಡೆಯುವುದನ್ನು ಗಮನಿಸಿ. ಮೊದಲು ಹಲಗೆ ಓದುತ್ತಾರೆ, ಆಮೇಲೆ ತಲೆಯೆತ್ತಿ ಹಲಗೆಯಲ್ಲಿ ಬರೆದದ್ದು ಚಿತ್ರದಲ್ಲಿ ಇದೆಯಾ ಎಂದು ಒಂದು ಕ್ಷಣ ನೋಡಿ ಮುಂದೆ ಹೋಗುತ್ತಾರೆ. 'ನರ್ತಕಿಯರು' ಎಂದು ಓದಿದ ಮೇಲೆ ಆ ಹುಡುಗಿಯ ಕೈ ಒಂದು ನಾಟ್ಯದ ಭಂಗಿಯಂತೆ ಕಾಣುತ್ತದೆ, ಸರಿದ ಸೆರಗು ಬೇರೆ ಅರ್ಥ ಕೊಡುತ್ತದೆ, ನಗು ಕೂಡ ಬೇರೆಯಾಗುತ್ತದೆ.

ನೋಟ್‌ಬುಕ್ಕಿನಲ್ಲಿ ಕಂಡದ್ದನ್ನು ಮಾತ್ರ ಬರೆಯಿರಿ. 'ರಾಣಿ' ಎಂದು ಬರೆಯಬೇಡಿ, 'ಒಡವೆ ಹಾಕಿದ ಹೆಂಗಸು' ಎಂದು ಬರೆಯಿರಿ. 'ಲಸಿಕೆಯ ಗುರುತು ತೋರಿಸುತ್ತಿದ್ದಾಳೆ' ಎಂದಲ್ಲ, 'ಬಲಗೈ ಎಡತೋಳಿನ ಹತ್ತಿರ ಇದೆ' ಎಂದು. ಮೊದಮೊದಲು ಇದು ಬಾಲಿಶ ಅನಿಸುತ್ತದೆ. ಆದರೆ ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಇಡುವ ಅಭ್ಯಾಸ ಇಲ್ಲೇ ಆಗಬೇಕು, ಯಾಕೆಂದರೆ ಆಮೇಲೆ ಎರಡೂ ಎಷ್ಟು ಬೆರೆತುಹೋಗುತ್ತವೆ ಅಂದರೆ ಬಿಡಿಸಲು ಆಗುವುದಿಲ್ಲ.

ಒಂದು ಎಚ್ಚರಿಕೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಹಳೆಯ ಚಿತ್ರಗಳು ಕೆಲವೊಮ್ಮೆ ಎಡಬಲ ತಿರುಗಿರುತ್ತವೆ, ಅಂಚು ಕತ್ತರಿಸಿರುತ್ತವೆ, ಬಣ್ಣ ಏರಿಸಿರುತ್ತಾರೆ. ಎರಡು ಮೂರು ಕಡೆಯ ಪ್ರತಿಗಳನ್ನು ಹೋಲಿಸಿ. ಸೀರೆ ಉಟ್ಟವರ ಚಿತ್ರದಲ್ಲಿ ಸೆರಗು ಯಾವ ಹೆಗಲ ಮೇಲಿದೆ ಎಂದು ನೋಡಿದರೆ ತಿರುಗಿದೆಯೋ ಇಲ್ಲವೋ ಎಂಬ ಸುಳಿವು ಬೇಗ ಸಿಗುತ್ತದೆ. 'ಎಡ' ಎಂದು ಬರೆಯುವಾಗ ನೋಡುವವರ ಎಡವೋ, ಚಿತ್ರದಲ್ಲಿರುವವರ ಎಡವೋ ಎಂಬುದನ್ನೂ ಸ್ಪಷ್ಟವಾಗಿ ಬರೆದುಕೊಳ್ಳಿ. ನಾನು ಇದರಲ್ಲಿ ತುಂಬಾ ಸಲ ಎಡವಿದ್ದೇನೆ.

ಹೆಜ್ಜೆ 2: ಕೈ ಎಲ್ಲಿದೆ, ಕಣ್ಣು ಎಲ್ಲಿದೆ

ಫೋಟೋದಲ್ಲಿ ಕೈ ಹೇಗೋ ಎಲ್ಲೋ ಇರಬಹುದು, ಕ್ಲಿಕ್ ಮಾಡಿದ ಕ್ಷಣ ಅಲ್ಲಿತ್ತು ಅಷ್ಟೇ. ತೈಲಚಿತ್ರದಲ್ಲಿ ಹಾಗಾಗುವುದಿಲ್ಲ. ಒಂದು ಕೈಯನ್ನು ಬರೆಯಲು ಚಿತ್ರಕಾರ ಗಂಟೆಗಟ್ಟಲೆ ಕೂತಿರುತ್ತಾನೆ. ಅದು ಅಲ್ಲಿರುವುದಕ್ಕೆ ಯಾರೋ ಒಪ್ಪಿರುತ್ತಾರೆ, ಅದಕ್ಕೆ ದುಡ್ಡು ಕೊಟ್ಟಿರುತ್ತಾರೆ. ಹಾಗಾಗಿ ಭಾವಚಿತ್ರದಲ್ಲಿ ಮುಖಕ್ಕಿಂತ ಮೊದಲು ಕೈಗಳನ್ನು ನೋಡಿ ಎಂದು ನಾನು ಯಾವಾಗಲೂ ಹೇಳುತ್ತೇನೆ. ಏನು ಹಿಡಿದಿದೆ? ಎಲ್ಲಿ ಬೆರಳು ಮಾಡಿದೆ? ಏನನ್ನು ಮುಚ್ಚಿದೆ?

ನಮ್ಮ ಚಿತ್ರದಲ್ಲಿ ಮೊದಲು ಕಣ್ಣಿಗೆ ಬೀಳಬೇಕಾದದ್ದು ತೋಳು. ಸೆರಗು ಆ ತೋಳನ್ನು ಮುಚ್ಚಿರಬೇಕಿತ್ತು. ಮುಚ್ಚಿಲ್ಲ. ಅಷ್ಟೇ ಅಲ್ಲ, ಆ ಖಾಲಿ ಜಾಗಕ್ಕೆ ನಮ್ಮ ಗಮನ ಹೋಗಲಿ ಎಂದು ಇನ್ನೊಂದು ಕೈ ಬೇರೆ ಇದೆ. ಅರಮನೆಯ ಹೆಣ್ಣುಮಗಳ ಘನತೆಗೆ ಕುಂದು ಬರದ ಹಾಗೆ, ಎಷ್ಟು ತೋರಿಸಬೇಕೋ ಅಷ್ಟೇ ತೋರಿಸಿದ ಭಂಗಿ ಇದು ಎಂದು ಚಾನ್ಸೆಲರ್ ವಾದಿಸುತ್ತಾರೆ.

ಕಣ್ಣುಗಳು? ನೇರವಾಗಿ ನಮ್ಮ ಕಡೆ. ಎರಡು ಶತಮಾನದ ಹಿಂದೆ ರಾಜಮನೆತನದ ಹೆಂಗಸರು ಪರದೇಶದ ಗಂಡಸಿನ ಮುಂದೆ ಹೀಗೆ ಮುಖ ಕೊಟ್ಟು ನಿಂತದ್ದು ಸಣ್ಣ ಮಾತಲ್ಲ. ಹಿಂದೆ ಇವರನ್ನು ನರ್ತಕಿಯರು ಎಂದು ಕರೆದದ್ದಕ್ಕೆ ಇದೂ ಒಂದು ಕಾರಣ ಇರಬೇಕು ಎಂದು ನನಗನಿಸುತ್ತದೆ. ಮುಖ ಮರೆಸದ ಹೆಂಗಸು ಮರ್ಯಾದಸ್ಥ ಮನೆಯವಳಾಗಿರಲಾರಳು ಎಂಬ ಲೆಕ್ಕ. ನೋಡಿ, ಚಿತ್ರದ ಶೀರ್ಷಿಕೆ ಎಷ್ಟೋ ಸಲ ಚಿತ್ರದಲ್ಲಿರುವವರ ಬಗ್ಗೆ ಹೇಳುವುದಕ್ಕಿಂತ ಹೆಸರಿಟ್ಟವರ ತಲೆಯೊಳಗೆ ಏನಿತ್ತು ಎಂಬುದನ್ನೇ ಜಾಸ್ತಿ ಹೇಳುತ್ತದೆ.

ಹೆಜ್ಜೆ 3: ಬಟ್ಟೆ, ಒಡವೆಗೆ ಮನೆಯ ಹಿರಿಯರನ್ನು ಕೇಳಿ

ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ, ಅದನ್ನು ಬಳಸಿಕೊಳ್ಳಿ. ಹರಾಜು ಕ್ಯಾಟಲಾಗಿನಲ್ಲಿ 'ಆಭರಣ ಧರಿಸಿದ ಭಾರತೀಯ ಮಹಿಳೆ' ಎಂದು ಒಂದೇ ಸಾಲಿನಲ್ಲಿ ಮುಗಿಸುವುದಕ್ಕೆ ನಮ್ಮಲ್ಲಿ ಒಂದೊಂದಕ್ಕೂ ಒಂದೊಂದು ಹೆಸರಿದೆ. ವಂಕಿ, ತೋಳಬಂದಿ, ಬೈತಲೆ ಬೊಟ್ಟು, ರಾಗಟೆ, ಜಡೆಬಿಲ್ಲೆ, ಬುಗುಡಿ, ಮೂಗುಬೊಟ್ಟು, ಡಾಬು. ಯಾವುದನ್ನು ಮದುವೆಯಾದವರು ಹಾಕುತ್ತಿದ್ದರು, ಯಾವುದು ದಿನಬಳಕೆಯದು, ಯಾವುದು ಮದುವೆ ಹಬ್ಬಕ್ಕೆ ಮಾತ್ರ ಪೆಟ್ಟಿಗೆಯಿಂದ ಹೊರಗೆ ಬರುತ್ತಿತ್ತು ಎಂಬುದು ನಿಮ್ಮ ಅಜ್ಜಿಗೋ ದೊಡ್ಡಮ್ಮನಿಗೋ ಗೊತ್ತಿರುತ್ತದೆ. ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ ತೋರಿಸಿ. ಅವರು ಮೊದಲು ಹೇಳುವ ಮಾತನ್ನು ಹಾಗೇ ಬರೆದುಕೊಳ್ಳಿ.

ಚಾನ್ಸೆಲರ್ ಕೂಡ ಇದೇ ದಾರಿ ಹಿಡಿದರು. ತೋಳಿನ ಭಾರವಾದ ಚಿನ್ನದ ಬಳೆಗಳು, ತಲೆಯ ಮೇಲಿನ ವೈಭವದ ಆಭರಣ ಇವು ಒಡೆಯರ್ ಮನೆತನದ ರಾಣಿಯರಿಗೇ ಸೇರಿದ ಮಾದರಿಯವು ಎಂದು ಗುರುತಿಸಿದರು. ಮೂವರನ್ನು ಅರಮನೆಗೆ ಸೇರಿಸಿದ ಮೊದಲ ಗಟ್ಟಿ ಕೊಂಡಿ ಇದು.

ಆದರೆ ಒಡವೆಯನ್ನು ಪೂರ್ತಿ ನಂಬಬೇಡಿ. ಚಿತ್ರಕಾರರು ಒಡವೆಯನ್ನು ಹಿಗ್ಗಿಸಿ ಬರೆಯುವುದುಂಟು. ಸಾಲ ತಂದ ಒಡವೆ ಹಾಕಿ ಕೂತವರೂ ಉಂಟು. ಒಡವೆ ಒಂದು ಸಾಕ್ಷಿ, ತೀರ್ಪು ಕೊಡುವುದು ಅದರ ಕೆಲಸ ಅಲ್ಲ.

ಹೆಜ್ಜೆ 4: ಆ ವರ್ಷ, ಆ ಊರಲ್ಲಿ ಏನು ನಡೆಯುತ್ತಿತ್ತು

ಈಗ ಶೀರ್ಷಿಕೆಯ ಮೇಲಿನ ಕೈ ತೆಗೆಯಿರಿ. ವರ್ಷ ಮತ್ತು ಜಾಗ ಸಿಕ್ಕಿತು: 1805ರ ಆಸುಪಾಸು, ಮೈಸೂರು. ಒಂದು ಹಾಳೆಯಲ್ಲಿ ಉದ್ದ ಗೆರೆ ಎಳೆದು ಆ ವರ್ಷವನ್ನು ನಡುವೆ ಇಡಿ. ಹಿಂದೆ ಹತ್ತು ವರ್ಷ, ಮುಂದೆ ಐದು ವರ್ಷ ತುಂಬಿಸುತ್ತಾ ಹೋಗಿ. ಮೇಲೆ ರಾಜಕೀಯ, ಕೆಳಗೆ ಜನರ ಬದುಕು. ಅವಸರ ಮಾಡಬೇಡಿ, ಈ ಕೆಲಸದಲ್ಲಿ ನಿಜವಾದ ಓದು ಇರುವುದೇ ಇಲ್ಲಿ.

ಮೇಲಿನ ಸಾಲು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಸತ್ತ. ಜೂನ್ 30ರಂದು ಐದು ವರ್ಷವೂ ತುಂಬದ ಮಗು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದರು. ಆಡಳಿತ ದಿವಾನ್ ಪೂರ್ಣಯ್ಯನವರ ಕೈಯಲ್ಲಿ, ಮೇಲೆ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟರ, ಅಂದರೆ ದರ್ಬಾರಿನಲ್ಲಿದ್ದ ಕಂಪನಿಯ ಪ್ರತಿನಿಧಿಯ ಕಣ್ಣು. ಮೈಸೂರು ವರ್ಷಕ್ಕೆ 7 ಲಕ್ಷ ಪಗೋಡ (ಆಗಿನ ಚಿನ್ನದ ನಾಣ್ಯ) ಕಂಪನಿಗೆ ಕಟ್ಟಬೇಕು. ಈ ಎಲ್ಲದರ ಹಿಂದೆ ಒಬ್ಬ ಗಟ್ಟಿ ಹೆಂಗಸು ನಿಂತಿದ್ದರು: ಲಕ್ಷ್ಮಮ್ಮಣ್ಣಿ, ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ. ಗಂಡ 1766ರಲ್ಲಿ ತೀರಿಕೊಂಡ ಮೇಲೆ ಹೈದರ್, ಟಿಪ್ಪು ಇಬ್ಬರ ಕಾಲದಲ್ಲೂ ತಮ್ಮ ಮನೆತನಕ್ಕೆ ರಾಜ್ಯ ವಾಪಸ್ ಬರಬೇಕೆಂದು ಗುಟ್ಟಾಗಿ ಇಂಗ್ಲಿಷರ ಜೊತೆ ಮಾತುಕತೆ ನಡೆಸುತ್ತಾ ಬಂದವರು. ಪಟ್ಟ ಸಿಕ್ಕಿದ ಮೇಲೆ ಅದನ್ನು ಉಳಿಸಿಕೊಳ್ಳುವ ಚಿಂತೆ. ಕಂಪನಿಗೆ ಬೇಕಾದವರಾಗಿ ಇರಬೇಕು. ಮನೆತನದ ಕುಡಿ ಬದುಕಬೇಕು. 1805ರಲ್ಲಿ ಹುಡುಗ ರಾಜನಿಗೆ ಹತ್ತು ಹನ್ನೊಂದರ ವಯಸ್ಸು. ಆ ವರ್ಷ ಹೆಚ್ಚುಕಡಿಮೆ ಅಷ್ಟೇ ವಯಸ್ಸಿನ ದೇವಾಜಮ್ಮಣ್ಣಿ ಮದುವೆಯಾಗಿ ಅರಮನೆಗೆ ಬಂದಳು.

ಕೆಳಗಿನ ಸಾಲು. ಸಿಡುಬು. ಅದನ್ನು ಬರೀ ರೋಗ ಎಂದು ನಮ್ಮವರು ಕರೆಯಲಿಲ್ಲ, ಅಮ್ಮ ಎಂದರು, ದೇವಿ ಎಂದರು. ಅಮ್ಮ ಬಂದರೆ ಬೇವಿನ ಸೊಪ್ಪು, ತಂಪು, ಮಾರಮ್ಮನಿಗೆ ಹರಕೆ. ಬದುಕಿ ಉಳಿದವರ ಮುಖದ ಮೇಲೆ ಕಲೆ, ಕೆಲವರಿಗೆ ಕಣ್ಣೇ ಹೋಗುತ್ತಿತ್ತು. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನ ಕೀವಿನಿಂದ ಲಸಿಕೆ ಹಾಕಿ ನೋಡಿದ, 1798ರಲ್ಲಿ ಪ್ರಕಟಿಸಿದ. ಅದು ಭಾರತಕ್ಕೆ ಬಂದ ದಾರಿಯೇ ಒಂದು ದೊಡ್ಡ ಕತೆ. ಫ್ರಿಜ್ ಇಲ್ಲದ ಕಾಲ. ಹಡಗಿನಲ್ಲಿ ಕಳಿಸಿದ ಲಸಿಕೆ ದಾರಿಯಲ್ಲೇ ಸತ್ತುಹೋಗುತ್ತಿತ್ತು. ಕೊನೆಗೆ ವಿಯೆನ್ನಾದಿಂದ ಬಾಗ್ದಾದಿಗೆ, ಅಲ್ಲಿಂದ ಬಸ್ರಾಗೆ, ಅಲ್ಲಿಂದ ಸಮುದ್ರದ ಮೇಲೆ ಬೊಂಬಾಯಿಗೆ ಬಂತು. 1802ರ ಜೂನ್ 14ರಂದು ಅಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಹಾಕಿದ್ದು ಹಿಡಿಯಿತು. ಆ ಮಗುವಿನ ತೋಳಿನ ಗುಳ್ಳೆಯಿಂದ ಇನ್ನೊಂದು ತೋಳಿಗೆ, ಆ ತೋಳಿನಿಂದ ಮತ್ತೊಂದಕ್ಕೆ. ಹೀಗೆ ಮನುಷ್ಯರ ತೋಳುಗಳ ಮೇಲೆಯೇ ಲಸಿಕೆ ಊರೂರು ನಡೆದುಕೊಂಡು ಮದ್ರಾಸು, ಮೈಸೂರು ಮುಟ್ಟಿತು.

ಈ ಕೊನೆಯ ವಾಕ್ಯದ ಮುಂದೆ ಸ್ವಲ್ಪ ನಿಲ್ಲಿ. ತೋಳಿನಿಂದ ತೋಳಿಗೆ. ಅಂದರೆ ಯಾವ ಜಾತಿಯವರೋ, ಯಾವ ಊರಿನವರೋ, ಅವರ ಮೈಯೊಳಗಿನ ಕೀವು ನಿಮ್ಮ ಮಗುವಿನ ಮೈಯೊಳಗೆ. ಮಡಿ ಮೈಲಿಗೆ ಗಟ್ಟಿಯಾಗಿದ್ದ ಕಾಲದಲ್ಲಿ, ಆಗಷ್ಟೇ ಯುದ್ಧ ಗೆದ್ದ ಪರದೇಶದವರು ಬಂದು ಇದನ್ನು ಹಾಕಿಸಿಕೊಳ್ಳಿ ಎಂದರೆ ಯಾರು ಒಪ್ಪುತ್ತಾರೆ? ಜನರ ಹಿಂಜರಿಕೆಯನ್ನು ಮೂಢತನ ಎಂದು ತಳ್ಳಿಹಾಕುವುದು ತಪ್ಪು. ಅವರ ಜಾಗದಲ್ಲಿ ನಿಂತು ನೋಡಿದರೆ ಅದು ಬಹಳ ಸಹಜವಾದ ಭಯ.

ಎರಡು ಸಾಲುಗಳನ್ನು ಈಗ ಒಟ್ಟಿಗೆ ಓದಿ. ಕಂಪನಿಗೆ ಲಸಿಕೆಯನ್ನು ಜನ ಒಪ್ಪಬೇಕು. ಅರಮನೆಗೆ ಕಂಪನಿಯ ಒಳ್ಳೆಯ ಮಾತು ಬೇಕು, ಹುಡುಗ ರಾಜನ ಸುತ್ತ ಇರುವವರ ಜೀವವೂ ಉಳಿಯಬೇಕು. ಜನ ಯಾರ ಮಾತು ಕೇಳುತ್ತಾರೆ? ರಾಣಿಯ ಮಾತು. ಬರಿಯ ತೋಳು ಈಗ ಬೇರೆಯಾಗಿ ಕಾಣಿಸುತ್ತದೆ, ಅಲ್ವಾ?

ಹೆಜ್ಜೆ 5: ಬರೆದವನು ಯಾರು, ಬರೆಸಿದವರು ಯಾರು

ಹಿಕಿ 1741ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ, ಇಟಲಿಯಲ್ಲಿ ಕೆಲವು ವರ್ಷ ಇದ್ದು ಚಿತ್ರಕಲೆ ಪಳಗಿಸಿಕೊಂಡ. 1780ರಲ್ಲಿ ಭಾರತಕ್ಕೆ ಹೊರಟ ಅವನ ಹಡಗನ್ನು ಶತ್ರುಗಳು ಹಿಡಿದರು. ಲಿಸ್ಬನ್‌ನಲ್ಲಿ ಕೆಲವು ಕಾಲ ಚಿತ್ರ ಬರೆದುಕೊಂಡಿದ್ದು 1784ರಲ್ಲಿ ಇಲ್ಲಿಗೆ ಬಂದು ಸೇರಿದ. ಮಧ್ಯೆ ವಾಪಸ್ ಹೋಗಿ, ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿಯ ತಂಡದ ಜೊತೆ ಚೀನಾಕ್ಕೂ ಹೋಗಿಬಂದ. 1798ರಲ್ಲಿ ಮತ್ತೆ ಭಾರತ. ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು ಇಂಗ್ಲಿಷ್ ಅಧಿಕಾರಿಗಳು, ಟಿಪ್ಪುವಿನ ಮಕ್ಕಳು, ಪೂರ್ಣಯ್ಯ, ಹೀಗೆ ಅಲ್ಲಿದ್ದವರನ್ನೆಲ್ಲ ಬರೆದ. ಸತ್ತದ್ದು 1824ರಲ್ಲಿ, ಮದ್ರಾಸಿನಲ್ಲಿ.

ಇಷ್ಟು ವಿವರ ಯಾಕೆ ಬೇಕು? ಎರಡು ಕಾರಣಕ್ಕೆ. ಒಂದು, ಮೈಸೂರು ದರ್ಬಾರಿಗೆ ಅವನು ಹೊಸಬನಲ್ಲ, ರಾಣಿಯರ ಚಿತ್ರ ಬರೆಯುವ ಅವಕಾಶ ಅವನಿಗೆ ಸಿಗಲು ಸಾಧ್ಯವಿತ್ತು. ಇನ್ನೊಂದು, ಅವನ ಕಣ್ಣು ಯುರೋಪಿನದು. ಮೂವರು ಹೆಂಗಸರನ್ನು ಒಟ್ಟಿಗೆ ನಿಲ್ಲಿಸುವುದು ಯುರೋಪಿನ ಕಲೆಯಲ್ಲಿ ಬಹಳ ಹಳೆಯ ರೂಢಿ. ಗ್ರೀಕ್ ಪುರಾಣದ ಮೂವರು ಸೌಂದರ್ಯ ದೇವಿಯರನ್ನು ಹೀಗೇ ಬರೆಯುತ್ತಿದ್ದರು. ಇಟಲಿಯಲ್ಲಿ ಇದ್ದು ಬಂದವನ ತಲೆಯಲ್ಲಿ ಆ ಮಾದರಿ ಇರಲೇಬೇಕು. ಅಂದರೆ ಚಿತ್ರದಲ್ಲಿ ಮೂವರಿರುವುದು ಅರಮನೆಯ ಆಯ್ಕೆಯೋ, ಚಿತ್ರಕಾರನ ಅಭ್ಯಾಸವೋ? ಇದು ನನ್ನ ಪ್ರಶ್ನೆ. ಇಂಥ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ, ಉತ್ತರ ಸಿಗದಿದ್ದರೂ ಪರವಾಗಿಲ್ಲ.

ಹೋಲಿಕೆಗೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ಬನ್ನಿ. ಅಲ್ಲಿ ಒಡೆಯರ್ ವಂಶಾವಳಿಯನ್ನು ಕಮಲದ ಎಸಳುಗಳಲ್ಲಿ ಬಿಡಿಸಿದ 'ಸಂತಾನಾಂಬುಜ' ಇದೆ. ಇದೇ ಮುಮ್ಮಡಿ ಕೃಷ್ಣರಾಜರು ದೊಡ್ಡವರಾದ ಮೇಲೆ ಪೋಷಿಸಿದ ಮೈಸೂರು ಶೈಲಿಯ ಕಲೆ ಅದು. ಅಲ್ಲಿ ವ್ಯಕ್ತಿಗಿಂತ ವಂಶದಲ್ಲಿ ಅವರ ಜಾಗ ಮುಖ್ಯ. ನೆರಳು ಬೆಳಕು ಇಲ್ಲ, ಚರ್ಮದ ಮೇಲೆ ಕಲೆ ಇಲ್ಲ. ಹಿಕಿಯ ಚಿತ್ರದಲ್ಲಿ ಚರ್ಮ ಚರ್ಮದ ಹಾಗೇ ಇದೆ. ತೋಳು ತೋರಿಸಿ ನಂಬಿಸಬೇಕಾದ ಕೆಲಸಕ್ಕೆ ಎರಡನೇ ರೀತಿಯೇ ಬೇಕು.

ಬರೆಸಿದವರು ಯಾರು ಎಂಬುದಕ್ಕೆ ಸಹಿ ಹಾಕಿದ ರಸೀದಿ ಎಲ್ಲ ಚಿತ್ರಕ್ಕೂ ಇರುವುದಿಲ್ಲ. ಆಗ 'ಯಾರಿಗೆ ಇದು ಬೇಕಿತ್ತು' ಎಂದು ಕೇಳಿ. ರಾಣಿಯರನ್ನು ಪರದೇಶದವನ ಮುಂದೆ ನಿಲ್ಲಿಸುವಷ್ಟು ದೊಡ್ಡ ಸಾಹಸವನ್ನು ಅರಮನೆ ಬರೀ ಒಂದು ಅಂದದ ಚಿತ್ರಕ್ಕಾಗಿ ಮಾಡುತ್ತಿರಲಿಲ್ಲ ಎನ್ನುತ್ತಾರೆ ಚಾನ್ಸೆಲರ್. ನನಗೆ ಅವರ ವಾದದಲ್ಲಿ ಅತ್ಯಂತ ಬಲವಾಗಿ ಕಾಣುವುದು ಇದೇ.

ಹೆಜ್ಜೆ 6: ಚಿತ್ರದ ಹೊರಗೆ ಕಾಗದ ಹುಡುಕಿ

ಪತ್ರ, ದಿನಚರಿ, ದರ್ಬಾರಿನ ದಾಖಲೆ, ಕಂಪನಿಯ ಕಡತ. ಒಂದಾದರೂ ಬೇಕು. ಇಲ್ಲದಿದ್ದರೆ ನಿಮ್ಮ ಓದು ಚೆಂದದ ಕತೆಯಾಗಿ ಉಳಿಯುತ್ತದೆ. ಈ ಚಿತ್ರದ ವಿಷಯದಲ್ಲಿ 1806ರ ಜುಲೈನ ಒಂದು ದಾಖಲೆಯನ್ನು ಚಾನ್ಸೆಲರ್ ಮುಂದಿಡುತ್ತಾರೆ. ದೇವಾಜಮ್ಮಣ್ಣಿ ಲಸಿಕೆ ಹಾಕಿಸಿಕೊಂಡದ್ದರಿಂದ ಒಳ್ಳೆಯ ಪರಿಣಾಮವಾಗಿ ಜನ ತಾವಾಗಿ ಮುಂದೆ ಬಂದರು ಎಂದು ಅದರಲ್ಲಿದೆ. ಬಲಗಡೆ ನಿಂತ ಹುಡುಗಿ ಈ ದೇವಾಜಮ್ಮಣ್ಣಿಯೇ ಎಂಬುದು ಅವರ ಗುರುತು. ಚಿತ್ರದ ಕಾಲ, ಮದುವೆಯ ಕಾಲ, ಈ ದಾಖಲೆಯ ಕಾಲ ಮೂರೂ ಹತ್ತಿರ ಹತ್ತಿರ ಬರುತ್ತವೆ.

ಚಿತ್ರ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನೂ ನೋಡಿ. ಇದು 2007ರಲ್ಲಿ ಸೋದಬೀಸ್ ಹರಾಜಿಗೆ ಬಂದಿತ್ತು. ಹರಾಜು ಕ್ಯಾಟಲಾಗುಗಳಲ್ಲಿ ಚಿತ್ರದ ಹಳೆಯ ಮಾಲೀಕರು, ಹಿಂದಿನ ಹೆಸರುಗಳು ಸಿಗುತ್ತವೆ, ಓದಿ. ಆದರೆ ಮಾರುವವರಿಗೆ ದೊಡ್ಡ ಹೆಸರು ಅಂಟಿಕೊಂಡರೆ ಲಾಭ ಎಂಬುದನ್ನು ನೆನಪಿಟ್ಟುಕೊಂಡು ಓದಿ.

ಹೆಜ್ಜೆ 7: ನಿಮಗೆ ಇಷ್ಟವಾದ ಅರ್ಥವನ್ನೇ ಪರೀಕ್ಷೆಗೆ ಹಾಕಿ

ಈ ಹೆಜ್ಜೆ ಬೇಜಾರಿನದು. ಒಳ್ಳೆಯ ಕತೆ ಕೈಗೆ ಸಿಕ್ಕಿದ ಮೇಲೆ ಅದನ್ನು ಅಲುಗಾಡಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೂ ಮಾಡಿ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಖಚಿತ, ಸಾಧ್ಯತೆ ಜಾಸ್ತಿ, ಊಹೆ. ಒಂದೊಂದು ಮಾತನ್ನೂ ಎತ್ತಿ ಯಾವ ಕಾಲಂಗೆ ಸೇರುತ್ತದೆ ನೋಡಿ.

ನಾನು ಮಾಡಿದಾಗ ಹೀಗಾಯಿತು. ಹಿಕಿ ಮೈಸೂರು ದರ್ಬಾರಿನವರನ್ನು ಬರೆದದ್ದು, 1802ರಲ್ಲಿ ಲಸಿಕೆ ಭಾರತಕ್ಕೆ ಬಂದದ್ದು, ಇವು ಖಚಿತ. ಚಿತ್ರದವರು ಅರಮನೆಯ ಹೆಂಗಸರು, ತೋಳು ತೋರಿಸುತ್ತಿರುವುದು ಲಸಿಕೆಗಾಗಿ, ಇವು ಸಾಧ್ಯತೆ ಜಾಸ್ತಿ. ಬರೀ ಸೆರಗು ಸರಿಮಾಡಿಕೊಳ್ಳುತ್ತಿದ್ದಾಳೆ ಅಷ್ಟೇ ಎಂದು ಯಾರಾದರೂ ಹೇಳಬಹುದು. ಹೇಳಲಿ. ಆದರೆ ಮದುವೆ, ದಾಖಲೆ, ಒಡವೆ, ಭಂಗಿ ನಾಲ್ಕನ್ನೂ ಒಟ್ಟಿಗೆ ವಿವರಿಸುವ ಬೇರೆ ಓದು ನನಗೆ ಕಾಣುತ್ತಿಲ್ಲ.

ಎಡಗಡೆಯವಳ ವಿಷಯಕ್ಕೆ ಬಂದಾಗ ನಾನು ಸ್ವಲ್ಪ ನಿಧಾನಿಸಿದೆ. ಅವಳು ರಾಜನ ಮೊದಲ ಹೆಂಡತಿ, ಅವಳ ಹೆಸರೂ ದೇವಾಜಮ್ಮಣ್ಣಿಯೇ ಎಂಬುದು ಚಾನ್ಸೆಲರ್ ಅವರ ಗುರುತು. ಅವಳ ಮೂಗಿನ ಕೆಳಗೆ, ಬಾಯಿಯ ಸುತ್ತ ಚರ್ಮದ ಬಣ್ಣ ಬೇರೆಯಾಗಿದೆ. ಲಸಿಕೆಗಿಂತ ಹಿಂದಿನ ಪದ್ಧತಿಯಲ್ಲಿ, ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿನೊಳಗೆ ಊದಿ ಸಣ್ಣದಾಗಿ ರೋಗ ಬರಿಸುತ್ತಿದ್ದರು, ಆ ಕಲೆ ಅದರದ್ದು ಎಂದು ಅವರು ಓದುತ್ತಾರೆ. ಆಗ ಇಬ್ಬರು ರಾಣಿಯರು ಹಳೆಯ ರೀತಿ, ಹೊಸ ರೀತಿ ಎರಡನ್ನೂ ತೋರಿಸುತ್ತಾರೆ. ತುಂಬಾ ಚೆನ್ನಾಗಿ ಹೊಂದುತ್ತದೆ. ಆದರೆ ಮೂಗಿಗೆ ಊದುವ ಪದ್ಧತಿ ಹೆಚ್ಚಾಗಿ ಚೀನಾದ್ದು. ಭಾರತದಲ್ಲಿ ಸಿಕ್ಕುವ ಹಳೆಯ ವರ್ಣನೆಗಳಲ್ಲಿ, ಉದಾಹರಣೆಗೆ 1767ರಲ್ಲಿ ಕಂಪನಿಯ ವೈದ್ಯ ಹಾಲ್ವೆಲ್ ಬಂಗಾಳದ ಬಗ್ಗೆ ಬರೆದದ್ದರಲ್ಲಿ, ತೋಳನ್ನು ಕೆರೆದು ಹಾಕುತ್ತಿದ್ದರು ಎಂದೇ ಇದೆ. ಬಾಯಿ ಸುತ್ತಲಿನ ಬಣ್ಣಕ್ಕೆ ಬೇರೆ ಚರ್ಮದ ತೊಂದರೆ ಇರಬಹುದು, ಹಳೆಯ ವಾರ್ನಿಶ್ ಇರಬಹುದು. ಹಾಗಾಗಿ ಇದನ್ನು ನಾನು ಮೂರನೇ ಕಾಲಂಗೆ ಹಾಕಿದೆ.

ನಡುವಿನವರು ಲಕ್ಷ್ಮಮ್ಮಣ್ಣಿ ಎಂಬ ಚಾನ್ಸೆಲರ್ ಅವರ ಗುರುತೂ ಅಲ್ಲಿಗೇ ಹೋಯಿತು. ಆ ಹೊತ್ತಿಗೆ ಅವರು ಅರವತ್ತು ದಾಟಿದ ಅಜ್ಜಿ. ಗಂಡ ತೀರಿಕೊಂಡು ನಲವತ್ತು ವರ್ಷವಾಗಿದ್ದ ವಿಧವೆ. ಅವರ ಗಂಡನನ್ನು ತೆಗೆದುಕೊಂಡು ಹೋದದ್ದು ಸಿಡುಬೇ ಎಂದು ಚಾನ್ಸೆಲರ್ ಹೇಳುತ್ತಾರೆ. ಲಸಿಕೆಯ ಹಿಂದೆ ಅವರ ಒತ್ತಾಸೆ ಇತ್ತು ಎಂಬುದನ್ನು ನಾನು ಸುಲಭವಾಗಿ ನಂಬುತ್ತೇನೆ. ಆದರೆ ನಡುವೆ ನಿಂತ ಮುಖಕ್ಕೆ ಅರವತ್ತಾಗಿದೆಯೇ? ಹಣೆ, ಕೊರಳು, ಕೈ ನೋಡಿ. ಆ ಕಾಲದ ವಿಧವೆಯೊಬ್ಬರು ಹೀಗೆ ಅಲಂಕರಿಸಿಕೊಂಡು ಚಿತ್ರಕ್ಕೆ ನಿಲ್ಲುತ್ತಿದ್ದರೇ? ಲಂಡನ್ನಿನ ಓದುಗರಿಗೆ ಈ ಪ್ರಶ್ನೆ ಥಟ್ಟನೆ ಹೊಳೆಯದಿರಬಹುದು. ನಮ್ಮ ದೊಡ್ಡಮ್ಮನಿಗೆ ಚಿತ್ರ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ ಇದು.

ಮೂರನೇ ಕಾಲಂ ತುಂಬಿದರೆ ಬೇಸರ ಬೇಡ. ಒಂದು ಭಾಗ ಅಲುಗಿದ ಮಾತ್ರಕ್ಕೆ ಇಡೀ ಓದು ಬೀಳುವುದಿಲ್ಲ.

ಇನ್ನೊಂದು ವಿಷಯ ಇದೇ ಹೆಜ್ಜೆಗೆ ಸೇರುತ್ತದೆ. ಈ ಹುಡುಗಿಯರಿಗೆ ಹನ್ನೆರಡರ ಆಸುಪಾಸು. ಲಸಿಕೆ ಬೇಕಾ, ಚಿತ್ರಕ್ಕೆ ನಿಲ್ಲುತ್ತೀಯಾ ಎಂದು ಅವರನ್ನು ಯಾರು ಕೇಳಿರುತ್ತಾರೆ? ರಾಜ್ಯಕ್ಕೆ ಒಳ್ಳೆಯದಾಯಿತು ನಿಜ. ಆದರೂ ಆ ಮಕ್ಕಳ ಮಾತು ನಮಗೆ ಎಲ್ಲೂ ಸಿಗುವುದಿಲ್ಲ. ಬರೆಯುವಾಗ 'ರಾಣಿ ಧೈರ್ಯದಿಂದ ಮುಂದೆ ಬಂದಳು' ಎಂದು ಬರೆಯಲು ಕೈ ಹೋಗುತ್ತದೆ. ಅವಳು ಬಂದಳೋ, ತಂದು ನಿಲ್ಲಿಸಿದರೋ ಎಂದು ಒಮ್ಮೆ ಯೋಚಿಸಿ ಆಮೇಲೆ ಬರೆಯಿರಿ.

ಹೆಜ್ಜೆ 8: ಅರ್ಧ ಪುಟ ಬರೆಯಿರಿ, ತಾರೀಖು ಹಾಕಿ

ಮೊದಲು ಕಂಡದ್ದು, ಆಮೇಲೆ ಕಾಲ, ಆಮೇಲೆ ನಿಮ್ಮ ಓದು, ಕೊನೆಗೆ ಅನುಮಾನ. ಅರ್ಧ ಪುಟ ಸಾಕು. ಆರು ತಿಂಗಳ ಮೇಲೆ ಹೊಸದೇನಾದರೂ ಸಿಕ್ಕಾಗ ಹಿಂದಿನದನ್ನು ಅಳಿಸದೆ ಕೆಳಗೆ ಸೇರಿಸಿ.

ಇದೇ ವಿಧಾನವನ್ನು ಇನ್ನೊಂದು ಚಿತ್ರದ ಮೇಲೆ ಮಾಡಿ ನೋಡಿ

ಹಿಕಿಯದೇ ಇನ್ನೊಂದು ಚಿತ್ರ, 1816ರದ್ದು, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಹೆಸರು ಮುಚ್ಚಿಕೊಂಡು ನೋಡಿದರೆ: ಕೆಂಪು ಕೋಟಿನ ವಯಸ್ಸಾದ ಬಿಳಿಯ, ಸುತ್ತ ಮೂವರು ನಮ್ಮವರು. ಒಬ್ಬರ ಕೈಯಲ್ಲಿ ತಾಳೆಗರಿಯ ಕಟ್ಟು, ಇನ್ನೊಬ್ಬನ ಕೈಯಲ್ಲಿ ದೂರದರ್ಶಕ. ಹಿಂದೆ ದೂರದ ಬೆಟ್ಟದ ಮೇಲೆ ಬೆತ್ತಲೆ ನಿಂತ ಒಂದು ಆಕೃತಿ. ಪರದೇಶದವರಿಗೆ ಅದು ಯಾವುದೋ ಪುರಾತನ ಮೂರ್ತಿ. ನಿಮಗೆ? ಗೊಮ್ಮಟ ಎಂದು ಹೇಳಲು ಒಂದು ಕ್ಷಣವೂ ಬೇಡ.

ಹೆಸರು ತೆರೆದರೆ ಕೋಟಿನವರು ಕಾಲಿನ್ ಮೆಕೆಂಜಿ. ಮೈಸೂರು ರಾಜ್ಯವನ್ನು ಅಳತೆ ಮಾಡಿದವರು, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದವರು. ಊರೂರಿನ ಕೈಫಿಯತ್ತು (ಊರಿನ ಇತಿಹಾಸದ ಬರಹ), ಶಾಸನ, ಓಲೆಗರಿಗಳನ್ನು ರಾಶಿ ಹಾಕಿದವರು. ಪಕ್ಕದವರಲ್ಲಿ ಒಬ್ಬರು ಕಾವಲಿ ವೆಂಕಟ ಲಕ್ಷ್ಮಯ್ಯ, ದೂರದರ್ಶಕ ಹಿಡಿದವನು ಕಿಷ್ಟಾಜಿ. ತಾಳೆಗರಿ ಹಿಡಿದವರು ಜೈನ ಪಂಡಿತ ಧರ್ಮಯ್ಯ. ಈಗಿನ ಚಾಮರಾಜನಗರ ಜಿಲ್ಲೆಯ ಮಲೆಯೂರಿನವರು.

ಕೈಗಳಿಂದ ಶುರು ಮಾಡಿ. ಅಳೆಯುವ ಸಾಧನ ಯಾರ ಕೈಯಲ್ಲಿದೆ, ಓದುವ ಸಾಧನ ಯಾರ ಕೈಯಲ್ಲಿದೆ, ಯಾರ ಕೈ ಖಾಲಿ? ಬೆಳಕು ಯಾರ ಮೇಲೆ ಬಿದ್ದಿದೆ? ಕಂಪನಿಯ ಅಧಿಕಾರಿಗೆ ತನ್ನ ಚಿತ್ರದಲ್ಲಿ ಈ ಮೂವರು ಯಾಕೆ ಬೇಕಾಯಿತು, ಅವರಿಲ್ಲದೆ ಮೆಕೆಂಜಿಯವರ ಸಂಗ್ರಹ ಆಗುತ್ತಿತ್ತೇ? ಗೊಮ್ಮಟನ ಬಗ್ಗೆ ಒಂದು ಪುಟ್ಟ ಲೆಕ್ಕ ಬಿಡಿಸಬಹುದು. ಸಾಮಾನ್ಯವಾಗಿ ಇದನ್ನು ಕಾರ್ಕಳದ್ದು ಎನ್ನುತ್ತಾರೆ. 1432ರಲ್ಲಿ ನಿಲ್ಲಿಸಿದ, ಸುಮಾರು 42 ಅಡಿಯ ಮೂರ್ತಿ ಅದು. ಶ್ರವಣಬೆಳಗೊಳದ್ದು ಅದಕ್ಕಿಂತ ಸುಮಾರು 450 ವರ್ಷ ಹಳೆಯದು, ಸುಮಾರು 58 ಅಡಿ. ಎರಡೂ ಜಾಗದ ಬೆಟ್ಟದ ಆಕಾರ, ಮೂರ್ತಿಯ ಸುತ್ತಲಿನ ಗೋಡೆ, ಕೆಳಗಿನಿಂದ ನೋಡಿದಾಗ ಎಷ್ಟು ಭಾಗ ಕಾಣುತ್ತದೆ ಎಂಬುದನ್ನು ಚಿತ್ರದ ಜೊತೆ ಹೋಲಿಸಿ ನಿಮ್ಮ ಕಾಲಂಗಳಲ್ಲಿ ಬರೆಯಿರಿ. ಎರಡೂ ಕಡೆ ಹೋಗಿ ಬಂದವರು ನೀವಾಗಿದ್ದರೆ ನಿಮ್ಮ ಕಣ್ಣಿನ ನೆನಪೂ ಇಲ್ಲಿ ಸಾಕ್ಷಿಯೇ.

ಆಮೇಲೆ ಧರ್ಮಯ್ಯನವರ ಮುಖಕ್ಕೆ ಹಿಂತಿರುಗಿ, ಅದನ್ನು ಪರದೆಯ ತುಂಬ ದೊಡ್ಡದು ಮಾಡಿ, ಮತ್ತೆ ಹತ್ತು ನಿಮಿಷ ಸುಮ್ನೆ ನೋಡಿ.